ಯಾವ ಪ್ರತಿ ಮೊದಲು

“ಎರಡರಲ್ಲೂ ಮೊದಲ ಮುದ್ರಣ ಅಂತಾನೇ ಇದೆ, ಅಂಕಲ್. ವರ್ಷಾನೂ ಒಂದೇ. ಆದ್ರೆ ಅರ್ಪಣೆ ಒಂದ್ರಲ್ಲಿ ಮಾತ್ರ ಇದೆ. ಯಾವ್ದು ಮೊದಲು ಬಂದಿದ್ದು, ನೀವೇ ಹೇಳ್ಬೇಕು,” ಎಂದು ಪ್ರಿಯಾ ಕಾದಂಬರಿಯ ಎರಡು ಪ್ರತಿಗಳನ್ನು ಮೇಜಿನ ಮೇಲಿಟ್ಟಳು.

ಕಲೀಮುಲ್ಲಾ ಮುಖಪುಟದ ಹೆಸರು ನೋಡಿ ಕನ್ನಡಕ ಒರೆಸಿಕೊಂಡರು. ಅವರ ಮಗ ಆಸಿಮ್ ಬರೆದ ಒಂದೇ ಒಂದು ಪುಸ್ತಕ ಅದು.

ಮೊದಲ ಮುದ್ರಣದ ತಕರಾರು ಎಲ್ಲೆದ್ದರೂ ಕೊನೆಗೆ ಬರುವುದು ಪುಲಿಕೇಶಿನಗರದ ಈ ಇಕ್ಕಟ್ಟು ಹಳೆ ಪುಸ್ತಕದ ಅಂಗಡಿಗೇ. ಕಲೀಮುಲ್ಲಾ ಹೇಳಿದರೆ ಮುಗಿಯಿತು, ಎಂಥ ಸಂಗ್ರಹಕಾರನೂ ಮರುಮಾತಾಡುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಸ್ವಂತ ಮಗನ ಪುಸ್ತಕವನ್ನು ಮಾತ್ರ ಈ ಮನುಷ್ಯ ಬಿಡಿಸಿಯೂ ನೋಡಿರಲಿಲ್ಲ. ಮನೆಯ ಜಗಳವನ್ನು ಬೀದಿಗೆ ತಂದ ಎಂದು ಯಾರೋ ಹೇಳಿದ್ದನ್ನೇ ನಂಬಿ, ಅದು ಅಚ್ಚಾಗಿ ಬಂದ ವಾರವೇ ಹುಡುಗನನ್ನು ಮನೆಯಿಂದಾಚೆ ಹಾಕಿದ್ದರು. ಮರುವರ್ಷ ಅವನು ಬೈಕ್ ಅಪಘಾತದಲ್ಲಿ ತೀರಿಕೊಂಡ. ಮುಖಪುಟದಲ್ಲಿ ಆಸಿಮ್ ಎಂದಷ್ಟೇ ಇದ್ದುದರಿಂದ ಪ್ರಿಯಾಗೆ ಇದೇನೂ ಗೊತ್ತಿರಲಿಲ್ಲ.

ಅವರು ಪುಸ್ತಕ ಬಿಡಿಸಿದರು. ‘ಪುಸ್ತಕದ ಹುಚ್ಚು ಹತ್ತಿಸಿದ ಅಬ್ಬಾಗೆ.’ ಇನ್ನೊಂದು ಪ್ರತಿಯಲ್ಲಿ ಅದೇ ಪುಟ ಖಾಲಿ.

ಖಾಲಿ ಪುಟದ್ದು ಮೊದಲಾದರೆ, ಹೊರಗೆ ಹಾಕಿದ ಮೇಲೂ ಮಗ ಕ್ಷಮಿಸಿ ಈ ಸಾಲು ಸೇರಿಸಿದ್ದಾನೆ. ಅರ್ಪಣೆ ಇದ್ದದ್ದು ಮೊದಲಾದರೆ, ಆಮೇಲೆ ತೆಗೆಸಿಹಾಕಿದ್ದಾನೆ. ಯಾ ಅಲ್ಲಾ, ಖಾಲಿಯದೇ ಮೊದಲಾಗಿರಲಿ ಎಂದು ಬೇಡಿಕೊಂಡು ಪುಟಕ್ಕೆ ಪುಟ ಹೋಲಿಸುತ್ತ ಹೋದರು.

ಖಾಲಿ ಪುಟದ ಪ್ರತಿಯಲ್ಲಿ, ಎಂಟನೆಯ ಅಧ್ಯಾಯ ಶುರುವಾಗುವಲ್ಲಿ, ಕೂದಲಿನಷ್ಟು ತೆಳ್ಳನೆಯ ಕಪ್ಪು ಗೆರೆ. ಉಗುರಿನಿಂದ ಕೆರೆದು ನೋಡಿದರು. ಅಚ್ಚಿನದೇ. ಇನ್ನೊಂದರಲ್ಲಿ ಆ ಜಾಗ ಸ್ವಚ್ಛವಾಗಿತ್ತು. ಅಚ್ಚಿನ ಪ್ಲೇಟಿಗೆ ಒಮ್ಮೆ ಗೀರು ಬಿದ್ದರೆ ಮುಂದೆ ಹೊಡೆದ ಪ್ರತಿಗಳಲ್ಲೆಲ್ಲ ಬರುತ್ತದೆ, ತಾನಾಗಿ ಅಳಿಸಿಹೋಗುವುದಿಲ್ಲ. ಗೆರೆ ಇಲ್ಲದ್ದೇ ಮೊದಲು.

ಪ್ರಿಯಾಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಸುಳ್ಳು ಹೇಳಿದರೂ ಕೇಳುವವರಿರಲಿಲ್ಲ. ಇವರ ಒಂದು ಮಾತಿಗೆ, ಮಗ ಕೊನೆಗೆ ಅಪ್ಪನನ್ನು ನೆನೆದ ಎಂಬ ಮಾತೇ ಊರಲ್ಲೆಲ್ಲ ಉಳಿದುಬಿಡುತ್ತಿತ್ತು. ಅವರಿಗೆ ಹಾಗೆ ಹೇಳಿಬಿಡುವ ಆಸೆಯಾಯಿತು.

“ಅರ್ಪಣೆ ಇರೋದು ಮೊದಲನೇದು, ಬೇಟಾ. ಆಮೇಲೆ ತೆಗೆಸಿದ್ದಾನೆ.”

“ಪಾಪ, ಯಾಕೆ ತೆಗೆಸಿದ್ರೋ. ಅವರಪ್ಪಂಗೆ ಗೊತ್ತಾಯ್ತೋ ಇಲ್ವೋ.”

“ಗೊತ್ತಾಗಿದೆ.”

ಪ್ರಿಯಾ ಅರ್ಪಣೆ ಇದ್ದ ಪ್ರತಿಯನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು. “ಇನ್ನೊಂದು ನೀವೇ ಇಟ್ಕೊಳ್ಳಿ ಅಂಕಲ್. ನನಗೆ ಮೊದಲನೇದು ಸಿಕ್ತಲ್ಲ, ಸಾಕು,” ಎಂದು ಹೊರಟುಹೋದಳು.

ಕಲೀಮುಲ್ಲಾ ಖಾಲಿ ಪುಟ ದಾಟಿ ಮೊದಲ ಅಧ್ಯಾಯ ತೆರೆದರು. ಅಂಗಡಿಗೆ ಬಂದ ಗಿರಾಕಿಯೊಬ್ಬ ಎರಡು ಸಲ “ಸಾರ್” ಎಂದು ಕರೆದು, ಸ್ವಲ್ಪ ಹೊತ್ತು ನಿಂತು, ಸದ್ದಿಲ್ಲದೆ ಮೆಟ್ಟಿಲಿಳಿದು ಹೋದ.