ಹರಿತ ನೋಡುವ ಕೈ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಈ ಕ್ಷೌರಿಕನ ಅಂಗಡಿಯಲ್ಲಿ ಎದುರಿಗೊಂದು, ಬೆನ್ನಿಗೊಂದು ಆಳೆತ್ತರದ ಕನ್ನಡಿಗಳಿದ್ದವು. ಆದರೂ ತನ್ನ ಮುಂಗೈಗೆ ಏನಾಗಿದೆಯೆಂದು ಅವನಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ತಪ್ಪು ಅವನ ಕಸುಬಿನದೇ. ಕತ್ತಿಯನ್ನು ತೊಗಲಿನ ಪಟ್ಟಿಗೆ ಉಜ್ಜಿದ ಮೇಲೆ ಎಡ ಮುಂಗೈಯ ನಾಲ್ಕು ಕೂದಲು ಬೋಳಿಸಿ ಹರಿತ ನೋಡುವುದು, ಆಮೇಲೆ ತೊಳೆದು ಗಿರಾಕಿಯ ಕೆನ್ನೆಗೆ ಇಡುವುದು ಅವನು ಅಪ್ಪನಿಂದ ಕಲಿತ ಪದ್ಧತಿ. ಹಾಗಾಗಿ ಅಲ್ಲಿ ಕೆಂಪು ಮಚ್ಚೆಗಳು ಎದ್ದಾಗ ಕತ್ತಿ ತಾಗಿದ ಉರಿ ಎಂದುಕೊಂಡು ಎಣ್ಣೆ ಸವರಿ ಸುಮ್ಮನಾದ.

ಕೊನೆಗೆ ಹೆಂಡತಿ ಕೇಳಿದಳು. “ಹೊಟ್ಟೆ ಮೇಲೂ ಅದೇ ಮಚ್ಚೆ ಇದೆಯಲ್ರೀ. ಅಲ್ಲೂ ಕತ್ತಿ ಆಡಿಸ್ತೀರಾ?”

ಚರ್ಮದ ಡಾಕ್ಟರು ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮಕ್ಕೆ ಬರುವ ಕ್ಯಾನ್ಸರು, ಬಲು ಅಪರೂಪದ್ದು, ಆಮೆ ನಡಿಗೆಯದು. ಅಂಟುವುದಿಲ್ಲ. ಪೂರ್ತಿ ಬಿಟ್ಟುಹೋಗುವುದೂ ಕಷ್ಟ. ಬೆಳಕಿನ ಚಿಕಿತ್ಸೆ ಮಾಡಿಸಿಕೊಳ್ಳುತ್ತ ಅದರ ಜೊತೆಯಲ್ಲೇ ಬಾಳಬೇಕು. ಆ ಕೈಗೆ ಇನ್ನು ಕತ್ತಿ ಸೋಕಿಸಕೂಡದು.

“ಲಾಟರಿ ಒಂದೂ ಹೊಡೀಲಿಲ್ಲ, ಇದು ಮಾತ್ರ ನನ್ನನ್ನೇ ಹುಡುಕ್ಕೊಂಡು ಬಂತು ನೋಡು,” ಎಂದು ಅವನು ದಾರಿಯಲ್ಲಿ ನಕ್ಕ.

ಹೆಂಡತಿ ನಗಲಿಲ್ಲ. “ಬೀಗರಿಗೆ ಮಾತ್ರ ಹೇಳ್ಬೇಡಿ. ಅಂಟುತ್ತೆ ಅಂದ್ಕೊಂಡ್ರೆ ಮಗಳನ್ನ ನಮ್ಮನೆಗೆ ಕಳಿಸೋದೇ ನಿಲ್ಲಿಸ್ತಾರೆ. ಅವಳು ಬಸುರಿ ಬೇರೆ. ಮೊಮ್ಮಗುನ ಮುಟ್ಟೋಕೂ ಬಿಡಲ್ಲ.”

ಮಗಳ ಮಾವ ಬಸ್ ಡ್ರೈವರು, ಬಾಯಿ ಜೋರು, ಮನಸ್ಸು ಹೇಗೋ ಯಾರಿಗೆ ಗೊತ್ತು. ಪ್ರತಿ ಭಾನುವಾರ ಇವನ ಕುರ್ಚಿಯಲ್ಲೇ ಗಡ್ಡ ತೆಗೆಸಿಕೊಳ್ಳುವುದು ಮಕ್ಕಳ ಮದುವೆಗೂ ಮೊದಲಿನ ರೂಢಿ. ಆ ಭಾನುವಾರವೂ ಬಂದರು. ಕ್ಷೌರಿಕ ತುಂಬು ತೋಳಿನ ಅಂಗಿ ತೊಟ್ಟು, ಹರಿತ ನೋಡದೆ, ದೇವರ ಮೇಲೆ ಭಾರ ಹಾಕಿ ಕತ್ತಿ ಎಳೆದ.

“ಅಯ್ಯಯ್ಯೋ! ಬೋಳಿಸ್ತಿದೀರೋ ಕೀಳ್ತಿದೀರೋ ಬೀಗರೇ? ಕೈ ಮೇಲೆ ನೋಡ್ಕೊಳ್ಳಲಿಲ್ವಾ?”

ಮರೆತೆ ಎನ್ನುವ ಮಾತು ನಾಲಗೆ ತುದಿಗೆ ಬಂದಿತ್ತು. ಆದರೆ ಕತ್ತಿಗೆ ಗಂಟಲು ಕೊಟ್ಟು ಕಣ್ಣು ಮುಚ್ಚಿ ಕೂರುವ ಮನುಷ್ಯನಿಗೆ ಸುಳ್ಳು ಹೇಳಲು ಅವನಿಗೆ ನಾಚಿಕೆಯಾಯಿತು. ಅಂಗಿಯ ತೋಳು ಮಡಿಸಿ ಮಚ್ಚೆಗಳನ್ನು ತೋರಿಸಿದ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

“ಅಂಟೋ ಕಾಯಿಲೆ ಅಲ್ಲ. ಆದ್ರೂ ನಿಮಗೆ ಮನಸ್ಸು ಒಪ್ಪದಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ, ಬೇಜಾರಿಲ್ಲ. ಮಗಳನ್ನ ಮಾತ್ರ ದೂರ ಮಾಡ್ಬೇಡಿ.”

ಬೀಗರು ಕನ್ನಡಿಯಲ್ಲಿ ಆ ಕೈಯನ್ನೇ ನೋಡಿದರು. ಕೆನ್ನೆಯ ಮೇಲಿನ ನೊರೆ ಒಣಗತೊಡಗಿತು. ಅವರು ಕೊರಳಿನ ಬಟ್ಟೆಯ ಗಂಟಿಗೆ ಕೈ ಹಾಕಿದಾಗ, ಎಲ್ಲ ಮುಗಿಯಿತು ಎಂದುಕೊಂಡ ಕ್ಷೌರಿಕ ಮುಖ ಒರೆಸಿಕೊಳ್ಳಲು ಟವೆಲ್ಲು ಚಾಚಿದ.

ಅವರು ಟವೆಲ್ಲು ಮುಟ್ಟಲಿಲ್ಲ. ಬಟ್ಟೆ ಸಡಿಲಿಸಿ ತಮ್ಮ ಎಡಗೈಯನ್ನು ಹೊರಗೆಳೆದು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿ, ಕುರ್ಚಿಯ ಹಿಡಿಯ ಮೇಲೆ ನೀಡಿದರು.

“ಇನ್ಮೇಲೆ ಇಲ್ಲಿ ನೋಡ್ಕೊಳ್ಳಿ. ಕೂದಲು ಜಾಸ್ತಿ ಇಲ್ಲ, ಇರೋದ್ರಲ್ಲೇ ಸುಧಾರಿಸ್ಕೊಳ್ಳಿ. ನಾಳೆ ಮೊಮ್ಮಗೂಗೆ ಮೊದಲನೇ ಸಲ ಕೂದಲು ಕತ್ತರಿಸೋರು ನೀವೇ ತಾನೇ? ಕೈ ಪಳಗಿರ್ಬೇಕು.”

ಕ್ಷೌರಿಕ ಕತ್ತಿಯನ್ನು ಮತ್ತೆ ಪಟ್ಟಿಗೆ ಉಜ್ಜಿ ತಂದು ಆ ಕೈ ಹಿಡಿದುಕೊಂಡ. ಕಣ್ಣು ಮಂಜಾಗಿ ಒಂದು ಕೂದಲೂ ಕಾಣಿಸಲಿಲ್ಲ.

“ಮೊದಲು ಅತ್ತು ಮುಗಿಸಿ, ಆಮೇಲೆ ಕತ್ತಿ ಹಿಡೀರಿ,” ಎಂದು ಬೀಗರು ಗದರಿದರು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.