ಕಾಗದದ ಕಂಪ್ಯೂಟರಿನ ಖಾಲಿ ಜಾಗ

"ಅದಕ್ಕೆ ಚಾಕು ತಾಗಿಸಿದ್ರೆ ನನ್ನ ಕೈ ಕುಯ್ದ ಹಾಗೆ, ತಿಳ್ಕೊಳ್ಳಿ!" ಎಂದು ಅದನ್ನು ಮಾಡಿದ ಕೋ ಮೇಸ್ತ್ರಿ ಅಡ್ಡ ಬರುವಷ್ಟರಲ್ಲಿ ಆ-ಹೊಂಗ್ ಕಾಗದದ ಕಂಪ್ಯೂಟರಿನ ಪಕ್ಕೆಯನ್ನು ಕುಯ್ದೇಬಿಟ್ಟಿದ್ದ.

ತಾಯ್‌ನಾನ್ ಊರಿನ ಆ ಓಣಿಯ ಚಪ್ಪರದಡಿ ತೀರಿಕೊಂಡ ಲಾಯ್ ಚುನ್-ಹಾಯ್‌ನ ಫೋಟೊ ನಗುತ್ತಿತ್ತು. ಕಂಪ್ಯೂಟರ್ ಬೀದಿಯ ಪುಟ್ಟ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು, ಆಟದ ಹುಚ್ಚಿನವರಿಗೆಲ್ಲ ಯಂತ್ರ ಜೋಡಿಸಿಕೊಟ್ಟವನು ಅವನು. ಮೂರು ಗಂಟೆಗೆ ಸರಿಯಾಗಿ, ಪುರೋಹಿತರು ಇಟ್ಟ ಗಳಿಗೆಯಲ್ಲಿ, ಅವನಿಗೆಂದು ಮಾಡಿಸಿದ ಕಾಗದದ ಮನೆ, ಕಾರು, ಕಂಪ್ಯೂಟರು ಎಲ್ಲ ಬೆಂಕಿಗೆ ಹೋಗಬೇಕು. ಸುಟ್ಟದ್ದು ಅಲ್ಲಿ, ಪರಲೋಕದಲ್ಲಿ, ಅವನಿಗೆ ಸಿಗುತ್ತದೆ. ಸಿಕ್ಕಿದ ಮೇಲೆ ತಿದ್ದುವಂತಿಲ್ಲ. ಆಗಲೇ ಎರಡೂವರೆ ಆಗಿತ್ತು.

"ನಾಲ್ಕೂ ಕಡೆ ಅಂಟು ಬಳಿದುಬಿಟ್ಟಿದ್ದೀರಲ್ಲ ಮೇಸ್ತ್ರೀ," ಎಂದ ಆ-ಹೊಂಗ್. ಅವನು ಚುನ್-ಹಾಯ್‌ನ ಹಳೆಯ ಗಿರಾಕಿ. "ನಾಳೆ ಒಳಗಿನ ಕಾರ್ಡ್ ಬದಲಾಯಿಸ್ಬೇಕು ಅಂದ್ರೆ ಹೇಗೆ?"

"ಸುಡೋ ಪೆಟ್ಟಿಗೆಗೆ ಬಾಗಿಲು ಯಾಕ್ರೀ? ನಲವತ್ತು ವರ್ಷದಿಂದ ಮಾಡ್ತಿದ್ದೀನಿ. ಫ್ರಿಜ್ಜಿಗೂ ಬಾಗಿಲು ಬಿಟ್ಟಿಲ್ಲ. ಯಾವ ಸತ್ತವನೂ ವಾಪಸ್ ಬಂದು ಜಗಳ ತೆಗೆದಿಲ್ಲ."

"ಚುನ್-ಹಾಯಣ್ಣ ಬರ್ತಾನೆ, ನೋಡ್ತಿರಿ."

ಕಾಗದದ ತಾವರೆ ಮಡಚುತ್ತಿದ್ದ ಹೆಂಗಸರೂ ನಕ್ಕರು. ಒಳಗೆ ಬಂಗಾರದ ಬಣ್ಣದ, ಪೆಟ್ಟಿಗೆಯ ಉದ್ದಕ್ಕೂ ಮಲಗಿದ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಇತ್ತು. ಅದಕ್ಕೂ ಗಟ್ಟಿ ಅಂಟು.

"ಅದು ನಾನು ಹೇಳಿ ಮಾಡಿಸಿದ್ದು," ಎಂದಳು ಮಗಳು ಪೆಯ್-ಯೂ. "ಎಲ್ಲಕ್ಕಿಂತ ದೊಡ್ಡದು. ಊರಿಗೆಲ್ಲ ಜೋಡಿಸಿಕೊಟ್ರು, ತಮಗೆ ಅಂತ ಒಂದು ಮಾಡ್ಕೊಳ್ಲಿಲ್ಲ. ಅಲ್ಲಾದ್ರೂ ಎಲ್ಲಾ ತುಂಬಿರ್ಲಿ."

ಚುನ್-ಹಾಯ್‌ನ ಹೆಂಡತಿ ಸು-ಲಾನ್ ಕೈಯಲ್ಲಿದ್ದ ತಾವರೆಯನ್ನು ಪಕ್ಕಕ್ಕಿಟ್ಟಳು.

"ಕಾರ್ಡ್ ತೆಗೀರಿ," ಎಂದಳು.

* * *

ಅಂಗಡಿಗೆ ಬಂದವರನ್ನೆಲ್ಲ ಚುನ್-ಹಾಯ್ ಬೈಯುತ್ತಿದ್ದ. ಇಪ್ಪತ್ತರ ಆ-ಹೊಂಗ್ ಮೊದಲ ಸಲ ಬಂದು, ಇರುವುದರಲ್ಲೆಲ್ಲ ಜೋರಾದ ಕಾರ್ಡ್ ಬೇಕೆಂದಾಗಲೂ ಬೈದಿದ್ದ.

"ಮದುವೆಗೆ ಮುಂಚೆ ತೊಟ್ಟಿಲು ತರ್ತೀಯೇನೋ? ಸದ್ಯಕ್ಕೆ ಸಣ್ಣ ಕಾರ್ಡ್ ಹಾಕೋಣ. ಪೆಟ್ಟಿಗೆ ದೊಡ್ಡದು ತಗೋ, ಪವರ್ ಸಪ್ಲೈ ಅದಕ್ಕಿಂತ ದೊಡ್ಡದು ತಗೋ. ಎರಡು ವರ್ಷ ಬಿಟ್ಟು ಬಾ, ಕಾರ್ಡ್ ಒಂದೇ ಬದಲಾಯಿಸಿದ್ರೆ ಹೊಸಾ ಯಂತ್ರ!"

ಆ-ಹೊಂಗ್ ಈಗಲೂ ಅದೇ ಪೆಟ್ಟಿಗೆಯಲ್ಲಿ ನಾಲ್ಕನೆಯ ಕಾರ್ಡ್ ಇಟ್ಟುಕೊಂಡು ಆಡುತ್ತಾನೆ.

ತನಗೆಂದು ಕಟ್ಟಬೇಕಿದ್ದ ಯಂತ್ರದ ಪಟ್ಟಿಯನ್ನು ಚುನ್-ಹಾಯ್ ಬೆಳಗಿನ ಹೂಮೀನಿನ ಗಂಜಿಯ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದ. ಪ್ರತಿ ಬಿಡಿಭಾಗಕ್ಕೂ ಒಂದು ಸಾಲು. ಕೊನೆಯ ಸಾಲು ಯಾವಾಗಲೂ ಒಂದೇ: ಕಾರ್ಡ್, ಮುಂದೆ ಬರುವುದು. ಯಾವಾಗ ಕಟ್ಟುತ್ತೀರಿ ಎಂದು ಹೆಂಡತಿ ಕೇಳಿದರೆ, "ಆರು ತಿಂಗಳು ತಾಳೇ, ಇನ್ನೂ ಒಳ್ಳೇದು ಬರುತ್ತಂತೆ," ಎನ್ನುತ್ತಿದ್ದ.

ಅವನಿಗೆ ಐವತ್ತು ತುಂಬಿದ ದಿನ ಸು-ಲಾನ್ ಆ ಕೊನೆಯ ಸಾಲನ್ನು ಕೊಂಡೇ ತಂದಳು. ಅವನು ಆ ಕಾರ್ಡಿನ ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು ಮನೆಯಲ್ಲೆಲ್ಲ ಓಡಾಡಿದ. ಮರುದಿನದಿಂದ ಗಂಜಿಯ ಮುಂದೆ ಸುಮ್ಮನೆ ಕೂತ. ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ. ಟೀವಿ ಹಾಕಿದ, ಆರಿಸಿದ. ಉಗುರು ಕತ್ತರಿಸಿಕೊಂಡ. ಎಂಟನೆಯ ದಿನ ಪಕ್ಕದ ಅಂಗಡಿಯವನಿಗೆ ಆ ಕಾರ್ಡ್ ಕೊಟ್ಟು, ಬದಲಿಗೆ ಇಟ್ಟಿಗೆಯಷ್ಟು ಭಾರದ ಪವರ್ ಸಪ್ಲೈ ತಂದ.

"ಇದು ಮುಂದಿನ ಕಾರ್ಡಿಗೆ," ಎಂದ.

ಸು-ಲಾನ್ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ಬೆಳಗ್ಗೆ ಅವನು ಹೊಸ ಹಾಳೆ ತೆಗೆದು, ಗುನುಗುತ್ತಾ ಗೆರೆ ಎಳೆಯುವುದನ್ನು ಕಂಡು ಅವಳಿಗೂ ನಗು ತಡೆಯಲಾಗಲಿಲ್ಲ. ಗಂಜಿಗೆ ಇನ್ನೊಂದು ತುಂಡು ಮೀನು ಹಾಕಿದಳು.

* * *

"ಆ ಒಂದು ವಾರ ಅವರು ಹೇಗಿದ್ರು ಅಂತ ನಿಂಗೆ ಗೊತ್ತಿಲ್ಲ," ಎಂದಳು ಸು-ಲಾನ್. "ನೀನಾಗ ಹಾಸ್ಟೆಲಿನಲ್ಲಿದ್ದೆ. ಎಲ್ಲಾ ತುಂಬಿ ಕಳಿಸಿದ್ರೆ ಅಲ್ಲಿ ಏನ್ ಮಾಡ್ತಾರೆ, ಹೇಳು? ಉಗುರು ಕತ್ತರಿಸ್ತಾ ಕೂತ್ಕೋಬೇಕಾ?"

"ಇಲ್ಲೂ ಖಾಲಿ, ಅಲ್ಲೂ ಖಾಲಿನಾ ಅಮ್ಮಾ?"

"ಖಾಲಿ ಯಾಕೆ? ವರ್ಷವರ್ಷ ಸಮಾಧಿ ಗುಡಿಸೋ ಹಬ್ಬಕ್ಕೆ ಒಂದೊಂದು ಕಾರ್ಡ್ ಕಳಿಸೋಣ. ಯಾವುದು ಬರುತ್ತೋ ಅಂತ ಲೆಕ್ಕ ಹಾಕ್ತಾ ಕಾಯ್ಲಿ."

ಪೆಯ್-ಯೂ ಅಪ್ಪನ ಫೋಟೊ ನೋಡಿದಳು. ಆಮೇಲೆ ತಾನೇ ಕೈ ಹಾಕಿ ಕಾರ್ಡನ್ನು ಕಿತ್ತಳು. ಅಂಟಿನ ಜೊತೆ ಒಂದಷ್ಟು ಕಾಗದವೂ ಪರ್ರನೆ ಹರಿದು ಬಂತು.

"ಇದನ್ನ ಮುಂದಿನ ಹಬ್ಬಕ್ಕೆ ಇಟ್ಕೊಳ್ಳೋಣ್ವಾ?" ಎಂದಳು.

"ಅಷ್ಟೊತ್ತಿಗೆ ಹಳೇದಾಗಿರುತ್ತೆ ತಂಗೀ," ಎಂದ ಆ-ಹೊಂಗ್.

ಕೋ ಮೇಸ್ತ್ರಿ ಮುಖ ಊದಿಸಿಕೊಂಡೇ ಅಂಟಿನ ಡಬ್ಬಿ ತೆರೆದ. "ಬಾಗಿಲಿಗೆ ಕೀಲು ಬೇಕಂತಾ? ಎಷ್ಟು ಸಲ ತೆಗೀತಾರೆ?"

"ವರ್ಷಕ್ಕೊಂದು ಸಲ, ಮೇಸ್ತ್ರೀ," ಎಂದಳು ಸು-ಲಾನ್.

"ಹಾಗಾದ್ರೆ ಎರಡು ಪದರ ಹಾಕ್ತೀನಿ. ಆಮೇಲೆ ನನ್ನ ಹೆಸರು ಕೆಡಬಾರ್ದು."

ಮೂರು ಗಂಟೆಗೆ ಓಣಿಯಾಚೆಯ ಖಾಲಿ ಜಾಗದಲ್ಲಿ ಬೆಂಕಿ ಇಟ್ಟರು. ದಾರಿಹೋಕ ದೆವ್ವಗಳು ನುಗ್ಗಿ ಕಸಿಯದಂತೆ ಮನೆಯವರೆಲ್ಲ ಹಗ್ಗ ಹಿಡಿದು ಸುತ್ತ ನಿಂತರು. ಜ್ವಾಲೆ ಕಾಗದದ ಮನೆಯನ್ನು ದಾಟಿ ಕಂಪ್ಯೂಟರಿಗೆ ಹತ್ತಿತು. ಪುಟ್ಟ ಬಾಗಿಲು ಬಿಸಿಗೆ ತಾನಾಗಿಯೇ ತೆರೆದುಕೊಂಡಿತು.

"ಮೇಸ್ತ್ರೀ," ಎಂದು ಪೆಯ್-ಯೂ ಹೊಗೆಯ ಆಚೆಗೆ ಕೂಗಿದಳು, "ಒಳಗೆ ಕಾರ್ಡಿಗೆ ಎಷ್ಟುದ್ದ ಜಾಗ ಬಿಟ್ರಿ?"

"ಮೂವತ್ತಾರು ಸೆಂಟಿಮೀಟರ್!"

ಅವಳು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ಹಗ್ಗ ಹಿಡಿದಿದ್ದ ಕೈಯ ಮೇಲೆಯೇ ಆ ಅಳತೆಯನ್ನು ಬರೆದುಕೊಂಡಳು.