ಫ್ಯಾನಿನೊಳಗಿನ ಬಣ್ಣ

"ಹರ್ಷಿತ ಮೇಡಂ, ಈಗ ಕಾಣಿಸ್ತಿದೆಯಾ?" ಎಂದು ರಂಜಿತ ಕೇಳುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಲ್ಯಾಪ್‌ಟಾಪನ್ನು ಎತ್ತಲು ಹೋದವಳು ಬೆರಳುಗಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ತಳ ಆಗತಾನೇ ಒಲೆಯಿಂದಿಳಿಸಿದ ಕಾವಲಿಯಂತೆ ಸುಡುತ್ತಿತ್ತು. ಅರ್ಧಗೋಡೆಯಾಚೆ ಮಗ್ಗಗಳು ಮಾತ್ರ ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಬಡಿದುಕೊಳ್ಳುತ್ತಿದ್ದವು.

ಮರುಕ್ಷಣವೇ ಹರ್ಷಿತಳ ಫೋನ್ ಬಂತು. "ಮತ್ತೆ ಹೋಯ್ತಾ? ನಾನೆಷ್ಟು ಸಲ ಮುಚ್ಚಿಡ್ಲಿ ಹೇಳು. ಮೇಲಿನವ್ರು ಕೇಳ್ತಾ ಇದಾರೆ. ಇವತ್ತು ಇನ್ನೊಂದ್ಸಲ ಆದ್ರೆ ಸೋಮವಾರದಿಂದ ಆಫೀಸಿಗೇ ಬಂದ್ಬಿಡು, ಇಲ್ಲಿನ ಸಿಸ್ಟಂನಲ್ಲೇ ಮಾಡು."

"ಮಗು ಇದೆಯಲ್ಲ ಮೇಡಂ..."

"ಗೊತ್ತು ಕಣೇ. ನನ್ಗೂ ಇದೆ."

ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ಆ ತುದಿಯ ಆಫೀಸಿಗೆಂದರೆ, ಮಗಳು ಮೋನಿಷಾ ಏಳುವ ಮೊದಲು ಬಸ್ಸು ಹತ್ತಿ, ಅವಳು ಮಲಗಿದ ಮೇಲೆ ಬಂದಿಳಿಯಬೇಕು. ಮಗು ಈಗಷ್ಟೇ ಬೋರಲು ಬೀಳಲು ಕಲಿಯುತ್ತಿತ್ತು. ಬಾಟಲಿಯನ್ನು ತುಟಿಗೆ ತಾಗಿಸಿದರೆ ಮುಖ ತಿರುಗಿಸುತ್ತಿತ್ತು. ಆಸ್ಪತ್ರೆಗಳ ಬಿಲ್ಲು ತಾಳೆನೋಡುವ ಈ ಕೆಲಸವನ್ನು ರಂಜಿತ ಹಿಡಿದುಕೊಂಡಿದ್ದೇ ತೊಟ್ಟಿಲ ಪಕ್ಕದಲ್ಲಿ ಕುಳಿತು ಮಾಡಬಹುದೆಂದು.

ಅವಳು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದವಳು. ಒಂದೊಂದೇ ಕಾರಣವನ್ನು ಹಿಡಿದು, ಪರೀಕ್ಷಿಸಿ, ಪಕ್ಕಕ್ಕಿಡುತ್ತ ಬಂದಿದ್ದಳು. ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ಓಡಿಸಿದಳು, ಆಗಲೂ ಆರಿತು. ಬೇಡದ ಪ್ರೋಗ್ರಾಂಗಳನ್ನೆಲ್ಲ ತೆಗೆದುಹಾಕಿದಳು. ಗಾಳಿಯಾಡಲೆಂದು ಕೆಳಗೆ ನೂಲು ಸುತ್ತುವ ಎರಡು ಬಾಬಿನ್ ಇಟ್ಟು ನೋಡಿದಳು. ಉಷ್ಣಾಂಶ ತೋರಿಸುವ ಪುಟ್ಟ ಅಂಕಿ ಪರದೆಯ ಮೂಲೆಯಲ್ಲಿ ತೊಂಬತ್ತು ದಾಟಿ ಏರುತ್ತಲೇ ಹೋಗುತ್ತಿತ್ತು. ಕೊನೆಗೆ ಉಳಿದದ್ದು ಮಗ್ಗದ ಮೋಟಾರಿನಿಂದ ವೋಲ್ಟೇಜು ಏರಿಳಿಯುತ್ತಿದೆಯೇನೋ ಎಂಬ ಗುಮಾನಿ. ಗಂಡ ಮಂಜೇಶ್ ಗೊಣಗುತ್ತಲೇ ಭಾನುವಾರ ಮಗ್ಗ ನಿಲ್ಲಿಸಿ ಕುಳಿತಿದ್ದ. ಅಂದೂ ಅದು ಆರಿಹೋಗಿತ್ತು.

"ನಿನ್ ಮಷೀನಿಗೆ ಜ್ವರ ಬಂದ್ರೆ ನನ್ ಮಗ್ಗ ಯಾಕಮ್ಮ ಮಾತ್ರೆ ನುಂಗ್ಬೇಕು?" ಎಂದು ಅವನು ಆಡಿಕೊಂಡು ನಕ್ಕಿದ್ದ.

ಇನ್ನುಳಿದದ್ದು ಬಿಚ್ಚಿ ನೋಡುವುದೊಂದೇ. ಬಿಚ್ಚಿದ ಮೇಲೆ ಮತ್ತೆ ಜೋಡಿಸಲಾಗದಿದ್ದರೆ ಎಂಬ ಭಯದಿಂದ ಮುಂದೂಡಿದ್ದಳು. ಈಗ ಮುಂದೂಡಲು ಏನೂ ಉಳಿದಿರಲಿಲ್ಲ. ಲ್ಯಾಪ್‌ಟಾಪ್ ತಣಿಯುವವರೆಗೆ ಕಾದು, ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ಕಾಲೇಜಿನ ಲ್ಯಾಬಿಗೆಂದು ಕೊಂಡಿದ್ದ ಸಣ್ಣ ಸ್ಕ್ರೂಡ್ರೈವರ್ ಹುಡುಕಿ ತಂದಳು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟಳು. ತಳದ ಮುಚ್ಚಳ ಟಕ್ಕೆಂದು ಎದ್ದು ಬಂತು.

ರಂಜಿತ ಫೋನಿನ ಟಾರ್ಚ್ ಹಾಕಿ ಬಗ್ಗಿ ನೋಡಿದಳು.

ಫ್ಯಾನಿಗೂ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಗಾಳಿ ಹೋಗುವ ಸಂದು ಇರಬೇಕಿತ್ತು. ಅಲ್ಲಿ ಕಂಬಳಿಯ ತುಂಡಿನಂಥದೊಂದು ಒತ್ತಾಗಿ ಕೂತಿತ್ತು. ಹೊಲಿಗೆಸೂಜಿಯಿಂದ ಮೀಟಿದಾಗ ಇಡಿಯಾಗಿ ಕಳಚಿಕೊಂಡು ಬಂತು. ಅದರ ಅಂಚಿನಲ್ಲಿ ಪಟ್ಟೆಗಳಿದ್ದವು. ಕಾಲೇಜಿನವರು ಒಮ್ಮೆ ಉತ್ಖನನ ತೋರಿಸಲು ರಾಜಘಟ್ಟಕ್ಕೆ ಕರೆದೊಯ್ದಾಗ, ಅಗೆದ ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಹೀಗೇ ಕಂಡಿದ್ದವು. ಆದರೆ ಮಣ್ಣಿಗೆ ಇಷ್ಟು ಬಣ್ಣಗಳಿರಲಿಲ್ಲ.

"ರೀ, ಬನ್ರಿ ಇಲ್ಲಿ!"

ಮಂಜೇಶ್ ಅರ್ಧಗೋಡೆಗೆ ಕಟ್ಟಿದ್ದ ಬಟ್ಟೆಯ ಪರದೆ ಸರಿಸಿಕೊಂಡು ಬಂದ. ತಲೆಗೂದಲ ಮೇಲೆ, ಹುಬ್ಬಿನ ಮೇಲೆ ಎಂದಿನಂತೆ ನೂಲಿನ ನಯವಾದ ಹುಡಿ. ಬೆಳಕಿಗೆ ಹಿಡಿದು ನೋಡಿ ಅವನ ಮುಖ ಅರಳಿತು. "ಅಯ್ಯಯ್ಯೋ, ನಮ್ ಸೀರೆಗಳೇ ಕಣೇ! ಈ ಬೂದಿ ನಿನ್ ಹಾಸ್ಟೆಲ್ ಧೂಳು. ಮೇಲಿನ್ ಕೆಂಪು ನಮ್ ಮದ್ವೆ ಆದ್ಮೇಲೆ ಮಗ್ಗಕ್ಕೆ ಹಾಕಿದ್ ಮೊದಲ್ನೇ ಹಾಸು ನೂಲು. ಇದು ಗಿಳಿಹಸಿರು. ಇದು ಯಾವ್ದು... ಹ್ಞಾಂ, ಆ ಬದನೆಕಾಯಿ ಬಣ್ಣ, ಯಾರೂ ತಗೊಳ್ದೆ ವಾಪಸ್ ಬಂತಲ್ಲ. ಈ ನೀಲಿ ಈಗ ಮಗ್ಗದ್ ಮೇಲಿರೋದು."

"ಜ್ವರ ಯಾರಿಂದ ಬಂತು ಗೊತ್ತಾಯ್ತಾ ಈಗ?"

"ಸೋತೆ ತಾಯಿ, ಸೋತೆ," ಎಂದು ಅವನು ಕೈಮುಗಿದ.

ರಂಜಿತಳಿಗೂ ನಗು ಬಂತು. ಹಳೆಯ ಬಣ್ಣದ ಬ್ರಷ್ಷಿನಿಂದ ರೆಕ್ಕೆಗಳ ಸಂದು ಉಜ್ಜಿ, ಸ್ಕ್ರೂಗಳನ್ನು ಬಿಗಿದು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಮೂಲೆಯ ಅಂಕಿ ಐವತ್ತರ ಆಸುಪಾಸು ಬಂದು ನಿಂತಿತು. ಬಿಲ್ಲಿನ ಕಡತಗಳನ್ನೆಲ್ಲ ಒಟ್ಟಿಗೆ ತೆರೆದರೂ ಜಗ್ಗಲಿಲ್ಲ. ಹರ್ಷಿತಳಿಗೆ 'ಸರಿಹೋಯ್ತು ಮೇಡಂ' ಎಂದು ಸಂದೇಶ ಕಳಿಸಿದಳು. ಸೋಮವಾರ ಬಸ್ಸಿಲ್ಲ. ತೊಟ್ಟಿಲು ಇಲ್ಲೇ, ತಾನೂ ಇಲ್ಲೇ.

ಅತ್ತೆ ಮುನಿತಾಯಮ್ಮ ತೊಟ್ಟಿಲ ಮೇಲೆ ಬಾಗಿ, ನಿದ್ದೆಯಲ್ಲಿದ್ದ ಮಗುವಿನ ಮೂಗನ್ನು ತಮ್ಮ ಸೆರಗಿನಿಂದ ಒರೆಸುತ್ತಿದ್ದರು. ಮಾಸಿದ ಬಿಳಿ ಸೀರೆಯ ಸೆರಗು. ಅದನ್ನವರು ಮಡಿಸುವ ಮುಂಚೆ ರಂಜಿತಳ ಕಣ್ಣಿಗೆ ಬಿತ್ತು.

"ಅತ್ತೆ, ತಡೀರಿ. ತೋರ್ಸಿ ಅದನ್ನ."

ಸೆರಗಿನ ಮೇಲೆ ನೀಲಿ ಗೀರು. ರಂಜಿತ ಪಂಚೆಯ ಮೇಲಿದ್ದ ತುಂಡನ್ನು ತಂದು ಅದರ ಪಕ್ಕಕ್ಕಿಟ್ಟಳು. ಎರಡರ ನೀಲಿಗೂ ವ್ಯತ್ಯಾಸವಿರಲಿಲ್ಲ.

"ಯಾಕವ್ವಾ ಅಂಗ್ ನೋಡ್ತೀಯ?" ಮುನಿತಾಯಮ್ಮ ನಕ್ಕರು. "ನೇಯೋರ ಮನೆ ಕೂಸ್ಗೆ ಇದ್ದದ್ದೇ. ಯಾವ್ ಹಾಸು ಬಿಟ್ಟಿರ್ತೀವೋ ಅದೇ ಬಣ್ಣದ್ ಸಿಂಬ್ಳ. ಇವ್ನು ಚಿಕ್ಕೋನಿದ್ದಾಗ ಬೀದಿಯೋರು ಇವ್ನ್ ಮೂಗ್ ನೋಡೇ ಯೋಳೋರು, 'ಮುನಿತಾಯಮ್ನೋರ್ ಮನೇಲಿ ಗುಲಾಬಿ ಸೀರೆ ಇಳೀತೈತೆ' ಅಂತ!"

ಮಂಜೇಶ್ ನಗಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ನಿಂತ. ಅವಳು ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಲ್ಯಾಪ್‌ಟಾಪಿನಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಅರ್ಧಗೋಡೆಯ ಪರದೆಗೆ ಹೋಗಿ ಬರುತ್ತಿತ್ತು. ಗಾಳಿ ಬಂದರೆ ಎಳೆ ಸಿಕ್ಕಾಗುತ್ತದೆಂದು ಮಗ್ಗದ ಮನೆಯ ಕಿಟಕಿಗಳಿಗೆ ಅವನ ತಾತನ ಕಾಲದಲ್ಲೇ ಹಲಗೆ ಹೊಡೆದಿದ್ದರು. ಅಲ್ಲಿಯ ಗಾಳಿಗೆ ಈ ಕೋಣೆಯೊಂದೇ ದಾರಿ.

"ಈ ಲ್ಯಾಪ್‌ಟಾಪು ದಿನಾ ಕೆಲ್ಸದ್ ಹೊತ್ತಷ್ಟೇ ಓಡೋದು," ಎಂದಳು ರಂಜಿತ. "ಉಳಿದಂತೆ ಮುಚ್ಚೇ ಇರುತ್ತೆ ರೀ. ಮಗು..."

ಮಂಜೇಶ್ ಆ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡ. ಹೆಬ್ಬೆರಳಿನಿಂದ ನೀಲಿ ಪದರವನ್ನು ಒತ್ತಿದ. ಅದು ತಗ್ಗಿ ಮತ್ತೆ ಉಬ್ಬಿತು.

"ಏನಾಯ್ತ್ರೋ ಇಬ್ರಿಗೂ?" ಮುನಿತಾಯಮ್ಮನವರ ನಗು ಮುಖದಲ್ಲಿ ಅರ್ಧಕ್ಕೇ ನಿಂತಿತ್ತು. ಅವರು ಸೆರಗನ್ನು ಬಿಡಿಸಿ ತಾವೇ ಇನ್ನೊಮ್ಮೆ ನೋಡಿಕೊಂಡರು. ಆ ಮೇಲೆ ಅದನ್ನು ಎಲ್ಲಿ ಬಿಡಬೇಕೆಂದು ತೋಚದವರಂತೆ ಕೈಯಲ್ಲೇ ಹಿಡಿದು ನಿಂತರು.

ಮಂಜೇಶ್ ಪರದೆ ಸರಿಸಿ ಒಳಗೆ ಹೋದ. ಮಗ್ಗದಲ್ಲಿ ಸೀರೆ ಸೆರಗಿನ ಹಂತಕ್ಕೆ ಬಂದಿತ್ತು. ಅಲ್ಲಿ ನಡುವೆ ನಿಲ್ಲಿಸಿದರೆ ಬಟ್ಟೆಗೆ ಗೆರೆ ಬೀಳುತ್ತದೆಂದು ಅವನು ಊಟಕ್ಕೂ ಏಳುತ್ತಿರಲಿಲ್ಲ. ದೊಡ್ಡ ಸ್ವಿಚ್ಚು ಕೆಳಗಿಳಿದ ಸದ್ದಾಯಿತು. ಬೆಲ್ಟು ಒಂದೆರಡು ಸುತ್ತು ಎಳೆದಾಡಿತು. ಲಾಳಿಯೊಂದು ಅರ್ಧ ದಾರಿಯಲ್ಲಿ ನಿಂತಿತು.

ಮನೆಯೆಲ್ಲ ಒಮ್ಮೆಲೇ ಖಾಲಿಯಾದಂತಾಯಿತು. ದೂರದಲ್ಲಿ ಯಾರದೋ ಸ್ಕೂಟರಿನ ಹಾರನ್, ಆಮೇಲೆ ಅದೂ ಇಲ್ಲ. ಆಗ ತೊಟ್ಟಿಲಿನೊಳಗಿಂದ ಮಗುವಿನ ಉಸಿರು ಕೇಳಿಸತೊಡಗಿತು. ಪ್ರತಿ ಸಲವೂ ಎಲ್ಲೋ ಒಂದು ಕಡೆ ತುಸು ತೊಡಕಿ, ಬಿಡಿಸಿಕೊಂಡು, ಹೊರಗೆ ಬರುತ್ತಿತ್ತು. ಪರದೆಯ ಆ ಕಡೆ ಅವನು, ಈ ಕಡೆ ಇವರಿಬ್ಬರು ಅಲುಗಾಡದೆ, ಮುಂದಿನ ಉಸಿರಿಗೆ ಕಿವಿಗೊಟ್ಟು ನಿಂತಿದ್ದರು.